ಹಳೆಯ ಪಿಕಪ್‌ಗೆ ನಾಲ್ಕನೆಯ ಗೇರು ಬಂದ ಕಥೆ

ಅಮೆರಿಕದಲ್ಲಿ ಹಳೆಯ ಪಿಕಪ್‌ಗಳ ಮೇಲೆ ಜೀವ ಇಟ್ಟುಕೊಂಡವರಿಗೆ 1967ರಿಂದ 1972ರವರೆಗಿನ ಷೆವರ್ಲೆ ಸಿ-10 ಎಂದರೆ ಒಂದು ಕೈ ಹೆಚ್ಚೇ ಪ್ರೀತಿ. ನೇರ ಗೆರೆಗಳ ಮೈಕಟ್ಟು, ಅಗಲವಾದ ಬಾನೆಟ್, ಅದರಡಿ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ವಿ-8 ಎಂಜಿನ್. ಹೆಚ್ಚಿನ ಸಿ-10ಗಳಲ್ಲಿ ಹಿಂದಿನ ಚಕ್ರಗಳಿಗೂ ಪಟ್ಟಾ ಬದಲು ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಸವಾರಿಯೂ ಮೆತ್ತಗೆ. ಊರೊಳಗೆ ಓಡಿಸಿದರೆ ಐವತ್ತು ವರ್ಷ ದಾಟಿದ ಗಾಡಿ ಎಂದು ನಂಬುವುದೇ ಕಷ್ಟ. ಹೆದ್ದಾರಿಗೆ ಇಳಿದಾಗ ಮಾತ್ರ ಅದರ ವಯಸ್ಸು ಗೊತ್ತಾಗುತ್ತದೆ. ಗಂಟೆಗೆ 75 ಮೈಲಿ, ಅಂದರೆ 120 ಕಿ.ಮೀ. ವೇಗದಲ್ಲಿ ಅದರ ಎಂಜಿನ್ ನಿಮಿಷಕ್ಕೆ ಸುಮಾರು 3,350 ಸುತ್ತು ತಿರುಗುತ್ತಿರುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತನಾಡಬೇಕಾದರೆ ದನಿ ಎತ್ತಬೇಕು, ಪೆಟ್ರೋಲ್ ಮುಳ್ಳು ಕಣ್ಣೆದುರೇ ಕೆಳಗಿಳಿಯುತ್ತದೆ.

ಲೆಕ್ಕ ಸರಳ. ಆ ಕಾಲದ ಸಿ-10ನ ಹಿಂದಿನ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಅನುಪಾತ 3.73. ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಬೇಕು. ಹುಲ್ಲು, ಗೊಬ್ಬರ, ದನದ ಮೇವು ಹೇರಿಕೊಂಡು ಮಣ್ಣುದಾರಿಯಲ್ಲಿ ಎಳೆಯಲು ಇದು ಹೇಳಿಮಾಡಿಸಿದ ಅನುಪಾತ. ಆದರೆ ಆ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಇದ್ದದ್ದು ಎರಡು ಅಥವಾ ಮೂರು ಗೇರು. ಮೊದಲು ಎರಡು ಗೇರಿನ ಪವರ್‌ಗ್ಲೈಡ್, 1969ರಿಂದ ಮೂರು ಗೇರಿನ ಟರ್ಬೊ-ಹೈಡ್ರಮ್ಯಾಟಿಕ್ 350. ಎರಡರಲ್ಲೂ ಟಾಪ್ ಗೇರ್ ಎಂದರೆ ಒಂದಕ್ಕೆ ಒಂದು. ಎಂಜಿನ್ ಎಷ್ಟು ಸುತ್ತುತ್ತದೋ ಶಾಫ್ಟ್ ಕೂಡ ಅಷ್ಟೇ. ಅದರಾಚೆ ಇನ್ನೊಂದು ಗೇರು ಇರಲೇ ಇಲ್ಲ.

ಓವರ್‌ಡ್ರೈವ್ ಅಂದರೆ ಆ ಇನ್ನೊಂದು ಗೇರು. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಒಂದಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅಮೆರಿಕಕ್ಕೆ ಇದೇನೂ ಹೊಸದಲ್ಲ. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರಿನಲ್ಲೇ ಬೋರ್ಗ್-ವಾರ್ನರ್ ಕಂಪನಿಯ ಓವರ್‌ಡ್ರೈವ್ ಇತ್ತು, ಆದರೆ ಅದು ಕ್ಲಚ್ ತುಳಿಯುವ ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ ಸಾಧನ. ಆಟೋಮ್ಯಾಟಿಕ್‌ನಲ್ಲಿ ನಾಲ್ಕು ಗೇರು ಕೂಡ ಹಳೆಯದೇ. 1940ರ ಓಲ್ಡ್ಸ್‌ಮೊಬಿಲ್‌ನಲ್ಲಿ ಬಂದ ಹೈಡ್ರಮ್ಯಾಟಿಕ್‌ಗೆ ನಾಲ್ಕು ಗೇರು ಇದ್ದವು, ಆ ನಾಲ್ಕನೆಯದೂ ಒಂದಕ್ಕೆ ಒಂದೇ. ಪೆಟ್ರೋಲ್ ಅಗ್ಗವಾಗಿ ಸಿಗುತ್ತಿದ್ದ ದಶಕಗಳಲ್ಲಿ ಎಂಜಿನ್ನಿನ ಸುತ್ತು ಇಳಿಸಬೇಕೆಂಬ ಒತ್ತಡ ಯಾರ ಮೇಲೂ ಇರಲಿಲ್ಲ. ದೊಡ್ಡ ಎಂಜಿನ್ ಕೊಟ್ಟರೆ ಗಿರಾಕಿ ಖುಷಿಯಾಗುತ್ತಿದ್ದ.

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆಯಿತು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು ದೇಶದ ಹೆದ್ದಾರಿಗಳ ವೇಗಮಿತಿಯನ್ನು ಗಂಟೆಗೆ 55 ಮೈಲಿಗೆ, ಅಂದರೆ 88 ಕಿ.ಮೀ.ಗೆ ಕಟ್ಟಿಹಾಕಿತು. 1975ರ ಡಿಸೆಂಬರ್‌ನಲ್ಲಿ ಬಂದ ಇಂಧನ ಕಾಯಿದೆ ಇನ್ನೂ ಬಿಗಿ. ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ 1978ಕ್ಕೆ ಗ್ಯಾಲನ್‌ಗೆ 18 ಮೈಲಿ, 1985ಕ್ಕೆ 27.5 ಮೈಲಿ ಆಗಲೇಬೇಕು ಎಂದು ಅದು ಗೆರೆ ಎಳೆಯಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿ.ಮೀ. ಆಸುಪಾಸಿನಿಂದ ಹನ್ನೊಂದೂವರೆಯ ಆಚೆಗೆ. ಲಘು ಟ್ರಕ್‌ಗಳಿಗೂ ಬೇರೆಯಾಗಿ ಮಿತಿ ಬಂತು. ಮೈ ಹಗುರ ಮಾಡಿ, ಎಂಜಿನ್ ಚಿಕ್ಕದು ಮಾಡಿ, ಇನ್ನೂ ಸಾಲದಾದಾಗ ಎಂಜಿನಿಯರುಗಳು ಗೇರ್‌ಬಾಕ್ಸ್ ಕಡೆ ತಿರುಗಿದರು.

ಫೋರ್ಡ್ 1980ರ ಮಾದರಿಗಳಲ್ಲಿ ಎ.ಓ.ಡಿ. ಎಂಬ ನಾಲ್ಕು ಗೇರಿನ ಓವರ್‌ಡ್ರೈವ್ ಆಟೋಮ್ಯಾಟಿಕ್ ತಂದಿತು. ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ 1981ರಲ್ಲಿ 200-4ಆರ್, 1982ರಲ್ಲಿ 700-ಆರ್4 ಹೊರತಂದಿತು. ಈ ಕಥೆಯ ನಾಯಕ ಕೊನೆಯದು. 1982ರ ಕಾರ್ವೆಟ್ ಕೊಳ್ಳುವವರಿಗೆ ಬೇರೆ ಗೇರ್‌ಬಾಕ್ಸ್ ಆಯ್ಕೆಯೇ ಇರಲಿಲ್ಲ, 700-ಆರ್4 ಒಂದೇ. ಅದೇ ಪೆಟ್ಟಿಗೆ ದೊಡ್ಡ ಕಾರುಗಳಿಗೂ ಪಿಕಪ್‌ಗಳಿಗೂ ಹೋಯಿತು. ಅದರ ಗೇರುಗಳು 3.06, 1.63, 1.00, ಕೊನೆಗೆ 0.70. ಹಳೆಯ ಟರ್ಬೊ 350ರ ಮೊದಲ ಗೇರು 2.52. ಹೊಸದರ ಮೊದಲ ಗೇರು ಅದಕ್ಕಿಂತ ಗಟ್ಟಿಯಾಗಿ ಎಳೆಯುತ್ತದೆ, ಕೊನೆಯ ಗೇರು ಎಂಜಿನ್ನಿನ ಸುತ್ತನ್ನು ನೂರಕ್ಕೆ ಮೂವತ್ತರಷ್ಟು ಇಳಿಸುತ್ತದೆ.

ಒಳಗಿನ ಯುಕ್ತಿಯನ್ನು ಬಲ್ಲವರು ಅದಕ್ಕೆ ತಲೆದೂಗದೆ ಇರಲಾರರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ನಡುವೆ ಸೂರ್ಯಚಕ್ರ, ಅದರ ಸುತ್ತ ಒಂದು ಚೌಕಟ್ಟಿನಲ್ಲಿ ಕೂತ ಗ್ರಹಚಕ್ರಗಳು, ಅವನ್ನೆಲ್ಲ ಆವರಿಸಿದ ಬಳೆಚಕ್ರ. ಯಾವುದನ್ನು ಹಿಡಿದು ನಿಲ್ಲಿಸಿ ಯಾವುದನ್ನು ತಿರುಗಿಸುತ್ತೀರಿ ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. 700-ಆರ್4ರಲ್ಲಿ ನಾಲ್ಕನೆಯ ಗೇರಿಗೆ ಒಂದು ಬ್ಯಾಂಡ್ ಸೂರ್ಯಚಕ್ರವನ್ನು ಬಿಗಿಹಿಡಿಯುತ್ತದೆ. ಎಂಜಿನ್ನಿನ ಬಲ ಗ್ರಹಚಕ್ರಗಳ ಚೌಕಟ್ಟಿಗೆ ಬರುತ್ತದೆ. ಆಗ ಹೊರಗಿನ ಬಳೆಚಕ್ರ ಚೌಕಟ್ಟಿಗಿಂತ ವೇಗವಾಗಿ ತಿರುಗಲೇಬೇಕು. ಹೊಸ ಲೋಹವಿಲ್ಲ, ಹೊಸ ಎಣ್ಣೆಯಿಲ್ಲ. ಇದ್ದ ಚಕ್ರಗಳಿಂದಲೇ ಇನ್ನೊಂದು ಗೇರು ದುಡಿಸಿಕೊಂಡರು.

ಇದು ಹೊಸ ಗಾಡಿಗಳಿಗಾಗಿ ಹುಟ್ಟಿದ ಗೇರ್‌ಬಾಕ್ಸ್. ಹಳೆಯ ಸಿ-10ಗೆ ಅದು ಬಂದದ್ದು ಗುಜರಿ ಅಂಗಳದ ದಾರಿಯಿಂದ. ಇದರಲ್ಲಿ ನನ್ನನ್ನು ಬಹಳವಾಗಿ ಸೆಳೆಯುವ ಸಂಗತಿ ವೇಗಮಿತಿಯದು. 55 ಮೈಲಿ ಮಿತಿ ಇದ್ದಷ್ಟು ದಿನ ಹಳೆಯ ಪಿಕಪ್ ಹೇಗೋ ತೂಗಿಸಿಕೊಂಡು ಹೋಗುತ್ತಿತ್ತು. ಆ ವೇಗದಲ್ಲಿ ಅದರ ಎಂಜಿನ್ 2,460 ಸುತ್ತಿನ ಆಸುಪಾಸಿನಲ್ಲಿರುತ್ತದೆ, ಅದು ಸಹಿಸಬಹುದಾದ ಸದ್ದು. 1987ರಲ್ಲಿ ಹಳ್ಳಿಗಾಡಿನ ಅಂತರರಾಜ್ಯ ಹೆದ್ದಾರಿಗಳಲ್ಲಿ 65 ಮೈಲಿಗೆ ಅವಕಾಶವಾಯಿತು. 1995ರಲ್ಲಿ ರಾಷ್ಟ್ರೀಯ ಮಿತಿಯೇ ರದ್ದಾಗಿ, ರಾಜ್ಯಗಳು ತಮಗೆ ಬೇಕಾದಂತೆ 70, 75 ಎಂದು ಏರಿಸಿಕೊಂಡವು. ಹಳೆಯ ಗಾಡಿಯ ಮಾಲೀಕನಿಗೆ ಈಗ ಎರಡೇ ದಾರಿ. ಎಲ್ಲರೂ ಹಾರ್ನ್ ಹಾಕುತ್ತ ಮುಂದೆ ಹೋಗುವುದನ್ನು ನೋಡುತ್ತ ಬಲಬದಿಗೆ ಸರಿದು ನಿಧಾನ ಹೋಗುವುದು, ಇಲ್ಲವೆ ಎಂಜಿನ್ನನ್ನು ಹಿಂಡುವುದು. ಅದೇ ಹೊತ್ತಿಗೆ ಎಂಬತ್ತರ ದಶಕದ ಕಾರು, ಪಿಕಪ್‌ಗಳು ಗುಜರಿಗೆ ಬಂದು ಬೀಳುತ್ತಿದ್ದವು, ಅವುಗಳ ಹೊಟ್ಟೆಯಲ್ಲಿ 700-ಆರ್4. ಪೆಟ್ರೋಲ್ ಉಳಿಸಲು, ನಿಧಾನ ಹೋಗುವ ಕಾಲಕ್ಕಾಗಿ ಮಾಡಿದ ಪೆಟ್ಟಿಗೆ, ವೇಗ ಮರಳಿದ ಕಾಲದಲ್ಲಿ ಹಳೆಯ ಗಾಡಿಗಳ ಕೈಹಿಡಿಯಿತು. 75 ಮೈಲಿ ವೇಗದಲ್ಲಿ 3,350 ಸುತ್ತಿದ್ದದ್ದು 2,350ಕ್ಕೆ ಇಳಿಯಿತು.

ಈ ಬದಲಾವಣೆ ಮನೆಯ ಶೆಡ್ಡಿನಲ್ಲೂ ಆಗುವಂಥದ್ದಾಗಲು ಕಾರಣ ಷೆವರ್ಲೆಯವರ ಒಂದು ಒಳ್ಳೆಯ ಅಭ್ಯಾಸ. ಎಂಜಿನ್ ಹಿಂಬದಿಯ ಬೋಲ್ಟ್ ತೂತುಗಳ ವಿನ್ಯಾಸವನ್ನು ಅವರು ದಶಕಗಟ್ಟಲೆ ಬದಲಿಸಲಿಲ್ಲ. 1968ರ ಎಂಜಿನ್ನಿಗೆ 1988ರ ಗೇರ್‌ಬಾಕ್ಸ್ ನೇರ ಕೂರುತ್ತದೆ. ಗೇರ್‌ಬಾಕ್ಸಿನ ಹೊರ ಶಾಫ್ಟಿನ ತುದಿ ಒಳಹೋಗುವ ಯೋಕ್ ಕೂಡ ಅದೇ, 27 ಹಲ್ಲಿನದು. ತೊಡಕು ಉದ್ದದಲ್ಲಿದೆ. ಚಿಕ್ಕ ಬಾಲದ ಟರ್ಬೊ 350 ಸುಮಾರು 27.7 ಇಂಚು ಉದ್ದ, 700-ಆರ್4 ಸುಮಾರು 30.75 ಇಂಚು. ಮೂರು ಇಂಚು ಹೆಚ್ಚು. ಅಷ್ಟಕ್ಕಾಗಿ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ವೆಲ್ಡ್ ಮಾಡಿಸಿ, ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸ್ ಹೊರುವ ಕ್ರಾಸ್‌ಮೆಂಬರ್ ಹಿಂದೆ ಸರಿಯಬೇಕು, ಚಾಸಿಗೆ ಹೊಸ ತೂತು ಬೀಳುತ್ತದೆ. ಸ್ಟೀರಿಂಗ್ ಕಂಬದ ಮೇಲಿನ ಗೇರ್ ಸೂಚಕದಲ್ಲಿ ಆರು ಸ್ಥಾನ, ಹೊಸ ಪೆಟ್ಟಿಗೆಗೆ ಏಳು. ಅದನ್ನೂ ಬದಲಿಸಬೇಕು.

ಗೇರ್‌ಬಾಕ್ಸ್ ಕೂರಿಸುವಾಗ, ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಅದಕ್ಕೆ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ ಕಣ್ಣಿರಬೇಕು. ಅದನ್ನು ತಿರುಗಿಸುತ್ತ ಒಳಗೆ ತಳ್ಳಿದಾಗ ಒಂದಾದ ಮೇಲೊಂದು ಹಂತದಲ್ಲಿ ಕುಸಿದು, ಕೊನೆಗೆ ಎಣ್ಣೆಯ ಪಂಪಿನ ಹಲ್ಲಿಗೆ ಕಚ್ಚಿಕೊಳ್ಳಬೇಕು. ಪೂರ್ತಿ ಕೂತಿಲ್ಲದ ಕನ್ವರ್ಟರ್ ಮೇಲೆ ಬೋಲ್ಟ್ ಬಿಗಿದು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಎಳೆದರೆ ಪಂಪ್ ಅಲ್ಲೇ ಪುಡಿ.

ಇಷ್ಟೆಲ್ಲ ಸರಿಯಾದರೂ 700-ಆರ್4ಗಳ ಜೀವ ತೆಗೆದದ್ದು ಬೆರಳಷ್ಟೂ ದಪ್ಪವಿಲ್ಲದ ಒಂದು ಕೇಬಲ್. ಥ್ರಾಟಲ್ ವಾಲ್ವ್ ಕೇಬಲ್, ಮೆಕ್ಯಾನಿಕ್‌ಗಳ ಬಾಯಲ್ಲಿ ಟಿ.ವಿ. ಕೇಬಲ್. ಹಳೆಯ ಟರ್ಬೊ 350ಕ್ಕೆ ಎಂಜಿನ್ನಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತಿಳಿಸುತ್ತಿದ್ದದ್ದು ಒಂದು ನಿರ್ವಾತ ಕೊಳವೆ. ಅದರ ಜೊತೆಗಿನ ಕೇಬಲ್ ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಗೇರು ಇಳಿಸಲು ಮಾತ್ರ. ಆ ಕೇಬಲ್ ಕಳಚಿಹೋದರೂ ಗಾಡಿ ಓಡುತ್ತಿತ್ತು. ಇದನ್ನೇ ರೂಢಿ ಮಾಡಿಕೊಂಡವರು ಹೊಸ ಪೆಟ್ಟಿಗೆಯ ಕೇಬಲನ್ನೂ ಹಾಗೆಯೇ ಎಂದುಕೊಂಡರು. ಆದರೆ 700-ಆರ್4ರಲ್ಲಿ ಒಳಗಿನ ಎಣ್ಣೆಯ ಒತ್ತಡವನ್ನೇ ಆ ಕೇಬಲ್ ಆಳುತ್ತದೆ. ಕಾರ್ಬ್ಯುರೇಟರ್ ತೆರೆದಷ್ಟೂ ಕೇಬಲ್ ಎಳೆಯಬೇಕು, ಎಳೆದಷ್ಟೂ ಒತ್ತಡ ಏರಬೇಕು, ಏರಿದ ಒತ್ತಡ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯಬೇಕು. ಕೇಬಲ್ ಸಡಿಲವಿದ್ದರೆ ಎಂಜಿನ್ ಪೂರ್ತಿ ಬಲ ಕೊಡುತ್ತಿದ್ದರೂ ಪ್ಲೇಟುಗಳ ಮೇಲೆ ಹಿಡಿತವಿರುವುದಿಲ್ಲ. ಅವು ಜಾರುತ್ತವೆ, ಕಾಯುತ್ತವೆ, ಸುಟ್ಟುಹೋಗುತ್ತವೆ. ಮೂರು-ನಾಲ್ಕನೆಯ ಗೇರಿನ ಕ್ಲಚ್ ಮೊದಲ ಬಲಿ. ಹೊಸದಾಗಿ ಕಟ್ಟಿಸಿದ ಗೇರ್‌ಬಾಕ್ಸ್ ಕೆಲವೇ ಮೈಲಿಗಳಲ್ಲಿ ಮುಗಿದ ನಿದರ್ಶನಗಳು ಇಂಥವೇ.

ಇದರ ಹಿಂದೆ ಇನ್ನೂ ಒಂದು ಸೂಕ್ಷ್ಮವಿದೆ. ಕೇಬಲ್ ಸಿಕ್ಕಿಸುವ ಕೊಂಡಿ ಥ್ರಾಟಲ್ ಕಡ್ಡಿಯಿಂದ ಎಷ್ಟು ದೂರ, ಯಾವ ಕೋನದಲ್ಲಿದೆ ಎಂಬುದರ ಮೇಲೆ ಎಳೆತದ ಅಳತೆ ನಿಂತಿದೆ. ಕಂಪನಿಯ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್‌ನಲ್ಲಿ ಆ ಅಳತೆ ಕೂಡಿಬರುತ್ತದೆ. ಹೊರಗಿನ ಹೋಲಿ, ಎಡಲ್‌ಬ್ರಾಕ್ ಹಾಕಿದವರು ಅದಕ್ಕೆ ತಕ್ಕ ಬ್ರಾಕೆಟ್ ಹಾಕಿಕೊಳ್ಳಲೇಬೇಕು. 700-ಆರ್4ಗೆ ಬಂದ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಈ ಕೊಂಡಿಯದೇ ಎಂಬುದು ನನ್ನ ನಂಬಿಕೆ. ಮೊದಲ ವರ್ಷಗಳ ಪೆಟ್ಟಿಗೆಯಲ್ಲಿ ನಿಜವಾದ ದೌರ್ಬಲ್ಯಗಳೂ ಇದ್ದವು. ಮುಂದೆ ಒಳ ಶಾಫ್ಟಿನ ಹಲ್ಲು 27ರಿಂದ 30ಕ್ಕೆ ಏರಿತು, ವಾಲ್ವ್ ಬಾಡಿ ಸುಧಾರಿಸಿತು. ಅನುಭವಸ್ಥರು 1987ರ ನಂತರದ್ದನ್ನೇ ಹುಡುಕುವುದು ಅದಕ್ಕಾಗಿ.

ಕನ್ವರ್ಟರ್ ಒಳಗೆ ಲಾಕ್ ಆಗುವ ಕ್ಲಚ್ ಒಂದಿದೆ. ಹೊಸ ಗಾಡಿಗಳಲ್ಲಿ ಅದನ್ನು ಕಂಪ್ಯೂಟರ್ ಆಳುತ್ತಿತ್ತು, 1968ರ ಪಿಕಪ್‌ನಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ನಾಲ್ಕನೆಯ ಗೇರು ಬಿದ್ದಾಗ ಮುಚ್ಚುವ ಒತ್ತಡದ ಸ್ವಿಚ್ಚು, ಬ್ರೇಕ್ ತುಳಿದಾಗ ಬಿಡುವ ಸ್ವಿಚ್ಚು, ಇವೆರಡರ ನಡುವೆ ಒಂದು ತಂತಿ. ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಅದೂ ಬೇಡವೆಂದು ಬಿಟ್ಟರೆ ಕನ್ವರ್ಟರ್ ಜಾರುತ್ತಲೇ ಇದ್ದು ಎಣ್ಣೆ ಕಾಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬಿಸಿಗಿಂತ ದೊಡ್ಡ ಶತ್ರುವಿಲ್ಲ. ಪ್ರತ್ಯೇಕ ಕೂಲರ್ ಹಾಕಿಸುವುದು ಕಡ್ಡಾಯ ಎಂದೇ ಹೇಳುತ್ತೇನೆ.

ಷೆವರ್ಲೆಯವರ ಎದುರಾಳಿಗಳ ಹಳೆಯ ಪಿಕಪ್‌ಗಳದ್ದೂ ಇದೇ ದಾರಿ. ಫೋರ್ಡ್ ಪ್ರಿಯರು ಎ.ಓ.ಡಿ. ಹಾಕುತ್ತಾರೆ. ಡಾಡ್ಜ್‌ನವರಿಗೆ ಎಂಬತ್ತರ ದಶಕದ ಕೊನೆಯಲ್ಲಿ ಬಂದ, ಹಳೆಯ ಟಾರ್ಕ್‌ಫ್ಲೈಟಿನ ಬಾಲಕ್ಕೆ ಓವರ್‌ಡ್ರೈವ್ ಸೇರಿಸಿದ ಉದ್ದನೆಯ ಪೆಟ್ಟಿಗೆ. ಸಿ-10ಗೇ 200-4ಆರ್ ಹಾಕುವವರೂ ಇದ್ದಾರೆ. ಅದು ಟರ್ಬೊ 350ರಷ್ಟೇ ಉದ್ದ, ಶಾಫ್ಟ್ ಕತ್ತರಿಸಬೇಕಾಗಿಲ್ಲ, ಕೊನೆಯ ಗೇರು 0.67. 1993ರಿಂದ ಬಂದ 4ಎಲ್60ಇ ಪೂರ್ತಿ ವಿದ್ಯುನ್ಮಾನ, ಅದಕ್ಕೆ ಟಿ.ವಿ. ಕೇಬಲ್ಲೇ ಇಲ್ಲ. ಬದಲಿಗೆ ಬೇರೆಯೇ ಒಂದು ಕಂಟ್ರೋಲರ್ ಕೊಂಡು ಜೋಡಿಸಬೇಕು.

ನಮ್ಮ ನೆಲದಲ್ಲಿ ಷೆವರ್ಲೆಯ ಹೆಸರು ಹೊಸದಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಗಾಡಿ ಜೋಡಿಸತೊಡಗಿತ್ತು. ಆದರೆ ಹಳೆಯ ವಾಹನವನ್ನು ಕಾಣುವ ನಮ್ಮ ಕಾನೂನಿನ ಕಣ್ಣು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ ನಿಯಮ ಐವತ್ತು ವರ್ಷ ದಾಟಿದ ವಾಹನ ಮೂಲ ರೂಪದಲ್ಲೇ ಇರಬೇಕು ಎನ್ನುತ್ತದೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ನಿಂತರೆ ಆ ನಿಲುವಿನ ಬೆಲೆಯೂ ಅರ್ಥವಾಗುತ್ತದೆ. ಆದರೂ ಸಂಗ್ರಹಾಲಯದ ಗಾಡಿ ಬೇರೆ, ದಿನವೂ ರಸ್ತೆಗಿಳಿಯುವ ಗಾಡಿ ಬೇರೆ. ಹೆದ್ದಾರಿಗೆ ಹೆದರಿ ಶೆಡ್ಡಿನಲ್ಲಿ ಕೂತ ಸಿ-10ಗಿಂತ, ಹೊಟ್ಟೆಯೊಳಗೆ ಇಪ್ಪತ್ತು ವರ್ಷ ಕಿರಿಯ ಗೇರ್‌ಬಾಕ್ಸ್ ಇಟ್ಟುಕೊಂಡು ನೂರಾರು ಮೈಲಿ ಓಡುವ ಸಿ-10 ಮೇಲು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಇಂಥ ಗಾಡಿ ಸಾಕಿಕೊಂಡವರಿದ್ದರೆ ಅವರಿಗೆ ಮೂರು ಮಾತು. ಮೊದಲು ಹಿಂದಿನ ಆಕ್ಸಲ್ ಅನುಪಾತ ನೋಡಿಕೊಳ್ಳಿ. 3.73ಕ್ಕೆ 700-ಆರ್4 ಸೊಗಸಾಗಿ ಹೊಂದುತ್ತದೆ, 3.08 ಇದ್ದರೆ ನಾಲ್ಕನೆಯ ಗೇರಿನಲ್ಲಿ ಎಂಜಿನ್ ಮುಕ್ಕರಿಯುತ್ತದೆ. ಟಿ.ವಿ. ಕೇಬಲ್ ಹೊಂದಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಪೂರ್ತಿ ಎಳೆಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಗಾಡಿಯನ್ನು ಅಂಗಳದಿಂದ ಹೊರಗೆ ತನ್ನಿ. ಮತ್ತೆ, ಕಳಚಿದ ಟರ್ಬೊ 350, ಅದರ ಕ್ರಾಸ್‌ಮೆಂಬರ್, ಹಳೆಯ ಗೇರ್ ಸೂಚಕ, ಇವನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಬಾಯಿಗೆ ಮುಚ್ಚಳ ಹಾಕಿ, ಯಾವ ಗಾಡಿಯದೆಂದು ಚೀಟಿ ಕಟ್ಟಿ ಇಡಿ. ನಿಮ್ಮ ನಂತರ ಆ ಗಾಡಿ ಸಾಕುವವರಿಗೆ ಅದನ್ನು ಮೂಲ ರೂಪಕ್ಕೆ ತರಬೇಕೆನಿಸಬಹುದು.