ರೊಟ್ಟಿ ಚೂರು, ನಲವತ್ತು ಹೆಜ್ಜೆ

ಬಿಳಿಜೋಳದ ರಾಶಿ ನಡೆದಿದ್ದ ದಿನಗಳಲ್ಲಿ ಬೆಂಗಳೂರಿನಿಂದ ಅಣ್ಣನ ಮಗನ ಫೋನು ಬಂತು. "ಕಾಕಾ, ನಾಯಿಗೆ ಟ್ರೇನಿಂಗ್ ಕೊಡಸಬೇಕಂತ ಮಾಡೀನಿ. ಹತ್ತು ನಾಯಿ ಕೂಡಿಸಿ ಮೈದಾನದಾಗ ಕಲಸೋ ಗ್ರೂಪ್ ಕ್ಲಾಸ್ ಒಂದೈತಿ. ಇಲ್ಲಾಂದ್ರ ಒಬ್ರು ಮನಿಗೇ ಬಂದು ಕಲಸ್ತಾರ, ರೊಕ್ಕ ಜಾಸ್ತಿ. ಯಾವುದು ಛಲೋ?"

ಕನ್ನೊಳ್ಳಿಯಲ್ಲಿ ಕೂತವನನ್ನು ಕೇಳುವ ಪ್ರಶ್ನೆಯೇ ಇದು! "ತಮ್ಮಾ, ನಮ್ಮ ಕಡೆ ಮಕ್ಕಳಿಗೆ ಸಾಲಿ ಅದಾವ, ನಾಯಿಗೆ ಇಲ್ಲ" ಅಂದೆ. ನಕ್ಕು ಫೋನಿಟ್ಟ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅವನು ಸಾಕಿದ್ದು ಲ್ಯಾಬ್ರಡಾರ್ ಅಲ್ಲ, ನಮ್ಮ ಸೀಮೆಯ ನಾಯಿ. ಮುಧೋಳದ ಹತ್ತಿರದ ಒಂದು ತೋಟದ ಮನೆಯಿಂದ ಮರಿ ತರಲು ಜೊತೆಗೆ ಹೋದವನು ನಾನೇ.

1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಮುಧೋಳ, ನಮ್ಮ ಸಿಂದಗಿ ಎಲ್ಲವೂ ಒಂದೇ ವಿಜಾಪುರ ಜಿಲ್ಲೆ. ಆ ಭಾಗದ ಬೇಡರು, ಕುರಿಗಾರರು ಇಟ್ಟುಕೊಂಡಿದ್ದ ಈ ಉದ್ದ ಮೂತಿಯ, ಬಡಕಲು ಹೊಟ್ಟೆಯ ಬೇಟೆ ನಾಯಿಯನ್ನು ಬೆಳಕಿಗೆ ತಂದವರು ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟವರೂ ಅವರೇ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿ ಹೊರಡಿಸಿತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಇಲ್ಲಿಯ ಮರಿಗಳು ಭಾರತೀಯ ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. ಅಲ್ಲಿ ಒಂದು ನಾಯಿಗೆ ಒಬ್ಬ ಸೈನಿಕ. ಊಟ, ತಿರುಗಾಟ, ಕಲಿಕೆ ಎಲ್ಲಾ ಅವನ ಕೈಯಲ್ಲೇ. ಹಾಗಾದರೆ ಒಂಟಿ ಪಾಠವೇ ಮೇಲು ಎಂದು ಅಣ್ಣನ ಮಗನಿಗೆ ಹೇಳಿಬಿಡಬಹುದಿತ್ತು. ಆದರೆ ಸೇನೆಯ ನಾಯಿ ಉಳಿದ ನಾಯಿಗಳ ನಡುವೆಯೇ ಬೆಳೆಯುತ್ತದೆ, ಅವುಗಳ ನಡುವೆಯೇ ಕೆಲಸ ಮಾಡುತ್ತದೆ. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಒಂಟಿಯಾಗಿರುವ ನಾಯಿಯ ಲೆಕ್ಕ ಬೇರೆ.

ಇದಕ್ಕೆ ಉತ್ತರ ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕಿದ್ದು ನಾಯಿಯಲ್ಲ, ಜಿರಲೆ.

1969ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ ಮತ್ತು ಸಂಗಡಿಗರು ಜಿರಲೆಗಳಿಗೆ ಓಟದ ಪಂದ್ಯ ಇಟ್ಟರು. ಒಂದು ತುದಿಯಲ್ಲಿ ಝಗಮಗ ಬೆಳಕು, ಇನ್ನೊಂದು ತುದಿಯಲ್ಲಿ ಕತ್ತಲ ಪೆಟ್ಟಿಗೆ. ಬೆಳಕಿಗೆ ಹೆದರುವ ಜಿರಲೆ ಕತ್ತಲ ಕಡೆ ಓಡುತ್ತದೆ. ದಾರಿಯ ಎರಡೂ ಬದಿಗೆ ಪಾರದರ್ಶಕ ಡಬ್ಬಿಗಳಲ್ಲಿ ಬೇರೆ ಜಿರಲೆಗಳನ್ನು ಕೂರಿಸಿದರು. ನಮ್ಮ ಜಾತ್ರೆಯ ಕುಸ್ತಿ ನೋಡುವ ಮಂದಿಯ ಹಾಗೆ! ದಾರಿ ನೇರವಿದ್ದಾಗ ಪ್ರೇಕ್ಷಕರ ಮುಂದೆ ಜಿರಲೆ ಹೆಚ್ಚು ಜೋರಾಗಿ ಓಡಿತು. ಆದರೆ ದಾರಿಯಲ್ಲೊಂದು ತಿರುವು ಇಟ್ಟು, ಯಾವ ಕಡೆ ಹೊರಳಬೇಕೆಂದು ತಿಳಿದುಕೊಳ್ಳಬೇಕಾದಾಗ ಅದೇ ಪ್ರೇಕ್ಷಕರ ಮುಂದೆ ಅದು ಒಂಟಿಯಾಗಿದ್ದಾಗಿನದಕ್ಕಿಂತ ತಡವಾಗಿ ಗುರಿ ಮುಟ್ಟಿತು.

ಇದರ ಹಿಂದಿನ ವಾದವನ್ನು ಝಾಯನ್ಸ್ 1965ರಲ್ಲೇ ಮಂಡಿಸಿದ್ದ. ತನ್ನ ಜಾತಿಯ ಜೀವಿಗಳು ಸುತ್ತ ಇದ್ದರೆ ಮೈಯ ಎಚ್ಚರ ಏರುತ್ತದೆ. ಏರಿದ ಎಚ್ಚರದಲ್ಲಿ ಮೊದಲು ಹೊರಬರುವುದು ಜೀವಿಗೆ ಈಗಾಗಲೇ ಗಟ್ಟಿಯಾಗಿ ರೂಢಿಯಾದ ನಡೆ. ಗೊತ್ತಿದ್ದ ಕೆಲಸವಾದರೆ ಅದು ಚುರುಕಾಗುತ್ತದೆ, ಹೊಸ ಕೆಲಸವಾದರೆ ಕೆಡುತ್ತದೆ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಮಂದಿಯ ಕೂಗಿಗೆ ಎತ್ತು ಹೇಗೆ ಓಡುತ್ತದೆ ನೋಡಿ. ಓಡುವುದು ಅದಕ್ಕೆ ಗೊತ್ತು. ಅದೇ ಮಂದಿಯ ನಡುವೆ ಎಳೆ ಹೋರಿಗೆ ಮೊದಲ ಸಲ ನೊಗ ಹೂಡಲು ಹೋಗುವ ಹುಚ್ಚ ಯಾವನೂ ಇಲ್ಲ.

"ಕೂಡು" ಅಂದರೆ ಕೂಡಬೇಕು ಎಂದು ಇನ್ನೂ ತಿಳಿಯದ ಮರಿಯನ್ನು ಹತ್ತು ನಾಯಿಗಳ ನಡುವೆ ಒಯ್ದು ನಿಲ್ಲಿಸಿದರೆ ಅದಕ್ಕೆ ರೂಢಿಯಾದ ನಡೆ ಯಾವುದು? ಜಗ್ಗುವುದು, ಬೊಗಳುವುದು, ಇಲ್ಲವೇ ಕಾಲ ಸಂದಿ ಅಡಗುವುದು. ಪ್ರತಿ ವಾರ ಅದನ್ನೇ ಮಾಡಿ ಮಾಡಿ ಅದರಲ್ಲೇ ನುರಿತುಬಿಡುತ್ತದೆ. ಫೀಸು ಕೊಟ್ಟು ಜಗ್ಗುವುದನ್ನು ಕಲಿಸಿದ ಹಾಗೆ.

ಮುಧೋಳದ ನಾಯಿಗೆ ಇನ್ನೊಂದು ತೊಡಕು ಕಣ್ಣಿನಲ್ಲೇ ಇದೆ. ಆಸ್ಟ್ರೇಲಿಯಾದ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಮೂತಿ ಉದ್ದವಿದ್ದಷ್ಟೂ ನಾಯಿಯ ಅಕ್ಷಿಪಟದ ಮೇಲೆ ನರಕೋಶಗಳು ಅಡ್ಡ ಪಟ್ಟಿಯಾಗಿ ಹರಡಿರುತ್ತವೆ. ಮೊಂಡು ಮೂತಿಯ ನಾಯಿಗಳಲ್ಲಿ ಅವು ನಡುವೆ ಗುಂಪಾಗಿರುತ್ತವೆ. ಅಂದರೆ ಉದ್ದ ಮೂತಿಯ ಬೇಟೆ ನಾಯಿಗೆ ಎಡದಿಂದ ಬಲಕ್ಕೆ ಇಡೀ ಬಯಲು ಒಂದೇ ನೋಟದಲ್ಲಿ ಸಿಗುತ್ತದೆ. ಹೊಲದ ತುದಿಯಲ್ಲಿ ಮೊಲ ಹಾರಿದರೆ ತಲೆ ತಿರುಗಿಸದೆಯೇ ಗೊತ್ತಾಗುತ್ತದೆ. 2009ರಲ್ಲಿ ಹಂಗೇರಿಯ ಮಾರ್ತಾ ಗಾಚಿಯ ತಂಡ ಇನ್ನೊಂದನ್ನು ಕಂಡಿತು: ಮನುಷ್ಯ ಬೆರಳು ಮಾಡಿ ತೋರಿಸಿದ ದಿಕ್ಕನ್ನು ಹಿಡಿಯುವುದರಲ್ಲಿ ಮೊಂಡು ಮೂತಿಯ ನಾಯಿಗಳು, ಮನುಷ್ಯನ ಸನ್ನೆ ನೋಡಿ ಕೆಲಸ ಮಾಡಲೆಂದೇ ಬೆಳೆಸಿದ ತಳಿಗಳು ಮುಂದು. ನಮ್ಮ ನಾಯಿಯನ್ನು ಶತಮಾನಗಳ ಕಾಲ ಆಯ್ದು ಬೆಳೆಸಿದ್ದು ಒಡೆಯನ ಮುಖ ನೋಡುವುದಕ್ಕಲ್ಲ, ಅವನನ್ನು ಹಿಂದೆ ಬಿಟ್ಟು ಓಡುವುದಕ್ಕೆ. ಗ್ರೂಪ್ ಕ್ಲಾಸಿನಲ್ಲಿ ಹತ್ತು ನಾಯಿ, ಹತ್ತು ಒಡೆಯರು, ಆಚೆ ಕ್ರಿಕೆಟ್ ಆಡುವ ಹುಡುಗರು ಎಲ್ಲವೂ ಅದರ ಕಣ್ಣಿನೊಳಗೆ. ಅದನ್ನು ದಡ್ಡ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಣ್ಣನ ಮಗ ನನ್ನ ಮಾತಿಗೆ ಕಾಯಲಿಲ್ಲ. ರೊಕ್ಕ ಕಡಿಮೆಯೆಂದು ಗ್ರೂಪ್ ಕ್ಲಾಸಿಗೇ ಹೋದ. ಎರಡನೆಯ ವಾರ ನಾಯಿ ಪಕ್ಕದ ನಾಯಿಯ ಕಡೆ ನುಗ್ಗಿತು. ಕಲಿಸುವವನು ಕತ್ತು ಬಿಗಿಯುವ ಸರಪಳಿ ಹಾಕಿ ಎರಡು ಸಲ ಜಗ್ಗಿದ. ಮೂರನೆಯ ವಾರ ನಾಯಿ ಆ ಮೈದಾನದ ಗೇಟಿನಲ್ಲೇ ಕೂತುಬಿಟ್ಟಿತು, ಏಳಲೊಲ್ಲದು.

ಈ ಸರಪಳಿಯ ವಿಷಯದಲ್ಲಿ ವಿಜ್ಞಾನ ಈಗ ಸಾಕಷ್ಟು ಖಚಿತ. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು 7 ತರಬೇತಿ ಶಾಲೆಗಳ 92 ನಾಯಿಗಳನ್ನು ನೋಡಿದರು. ಜಗ್ಗಿ, ಗದರಿಸಿ ಕಲಿಸುವ ಕಡೆಯ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಿತ್ತು. ಆಮೇಲೆ ಒಂದು ಚಂದದ ಪರೀಕ್ಷೆ. ಕೋಣೆಯ ಒಂದು ಬದಿಯ ಬಟ್ಟಲಲ್ಲಿ ಯಾವಾಗಲೂ ತಿಂಡಿ ಇರುತ್ತದೆ, ಇನ್ನೊಂದು ಬದಿಯದರಲ್ಲಿ ಇರುವುದಿಲ್ಲ ಎಂದು ನಾಯಿಗೆ ರೂಢಿ ಮಾಡಿಸಿದರು. ನಂತರ ಬಟ್ಟಲನ್ನು ಎರಡರ ನಡುವೆ ಇಟ್ಟರು. ಇರಬಹುದೋ, ಇರಲಿಕ್ಕಿಲ್ಲವೋ? ತಿಂಡಿ ಕೊಟ್ಟು ಕಲಿಸಿದ ನಾಯಿಗಳು ಆಸೆಯಿಂದ ಓಡಿದವು, ಸರಪಳಿ ಜಗ್ಗಿಸಿಕೊಂಡವು ಕಾಲೆಳೆಯುತ್ತ ಹೋದವು. ಗುಂಪೋ ಒಂಟಿಯೋ ಎಂದು ತೂಗುವುದಕ್ಕೆ ಮುಂಚೆ ಕಲಿಸುವವನ ಕೈಯಲ್ಲಿ ಏನಿದೆ ಎಂದು ನೋಡಬೇಕಿತ್ತು. ಅದನ್ನು ನಾನೂ ಹೇಳಿರಲಿಲ್ಲ.

ಯುಗಾದಿಗೆ ಅಣ್ಣನ ಮಗ ನಾಯಿ ಸಮೇತ ಊರಿಗೆ ಬಂದ. ಆಗ ಅದಕ್ಕೆ ಆರು ತಿಂಗಳು. ಸಂಜೆ ಹೊಲದ ಕಡೆ ಹೊರಟೆವು. ಕುರಿ ಹಟ್ಟಿಯ ಮುಂದೆ ಮೂರು ನಾಯಿ ಮಲಗಿದ್ದವು. ನನ್ನ ಜೇಬಿನಲ್ಲಿ ತುಪ್ಪ ಸವರಿದ ಜೋಳದ ರೊಟ್ಟಿಯ ಚೂರುಗಳು. ಮನೆಯಲ್ಲಿ ಅದಕ್ಕೆ ಈ ರೊಟ್ಟಿಯೆಂದರೆ ಪ್ರಾಣ. ಹಟ್ಟಿಗೆ ಹತ್ತು ಹೆಜ್ಜೆ ಇರುವಾಗ ಒಂದು ಚೂರು ಮೂಗಿನ ಮುಂದೆ ಹಿಡಿದೆ. ನೋಡಲೂ ಇಲ್ಲ. ಕಿವಿ ಮುಂದೆ, ಬಾಲ ಬಿರುಸು, ಬಾಯಿ ಮುಚ್ಚಿದೆ. ಚೂರನ್ನು ತುಟಿಗೆ ತಾಗಿಸಿದರೆ ಕೆಳಗೆ ಬಿತ್ತು. ಇಪ್ಪತ್ತು ಹೆಜ್ಜೆಗೆ ಹಿಂದೆ ಸರಿದೆವು. ಬಾಯಲ್ಲಿ ಹಿಡಿದು ಉಗುಳಿತು. ಮೂವತ್ತಕ್ಕೆ ಕಸಿದುಕೊಂಡು ತಿಂದಿತು, ಬೆರಳಿಗೆ ಹಲ್ಲು ತಾಗಿತು. ನಲವತ್ತು ಹೆಜ್ಜೆಗೆ ಮೆಲ್ಲಗೆ ತಿಂದು ನನ್ನ ಮುಖ ನೋಡಿತು. "ಕೂಡು" ಅಂದ ಅಣ್ಣನ ಮಗ. ಕೂತಿತು.

"ನೋಡಪಾ, ಇದರ ಸಾಲಿ ಇಲ್ಲಿ ಸುರು ಆಗತೈತಿ" ಅಂದೆ.

ಇದು ನಾನು ಕಂಡುಹಿಡಿದದ್ದಲ್ಲ, ನಾಯಿ ಪಳಗಿಸುವವರು ಎಲ್ಲೆಡೆ ಬಳಸುವ ಅಳತೆ. ಭಯವೋ ಉದ್ರೇಕವೋ ಮಿತಿ ಮೀರಿದಾಗ ದೇಹ ಓಟಕ್ಕೆ, ಕಾದಾಟಕ್ಕೆ ಸಜ್ಜಾಗುತ್ತದೆ, ಜೀರ್ಣದ ಕೆಲಸವನ್ನು ಬದಿಗಿಡುತ್ತದೆ. ಹಸಿದ ನಾಯಿಯೂ ಪ್ರೀತಿಯ ತಿನಿಸನ್ನು ಒಲ್ಲೆ ಅನ್ನುತ್ತದೆ. ಹಾಗೆ ಅಂದ ಜಾಗದಲ್ಲಿ ಕಲಿಕೆ ನಡೆಯುವುದಿಲ್ಲ. ಗ್ರೂಪ್ ಕ್ಲಾಸಿನ ಮೈದಾನದಲ್ಲಿ ನಾಯಿಗಳ ನಡುವೆ ಆರೇಳು ಹೆಜ್ಜೆ ಅಂತರವಿದ್ದು ನಿಮ್ಮ ನಾಯಿಗೆ ನಲವತ್ತು ಬೇಕಿದ್ದರೆ ಸದ್ಯಕ್ಕೆ ಅದು ಅಲ್ಲಿಯ ವಿದ್ಯಾರ್ಥಿಯಲ್ಲ. ಆರು ಹೆಜ್ಜೆಯಲ್ಲೇ ರೊಟ್ಟಿ ತಿನ್ನುವ ನಾಯಿಗೆ ಮನೆಪಾಠದ ಖರ್ಚು ದಂಡ.

ಈ ನಾಯಿಗೆ ನಲವತ್ತು ಹೆಜ್ಜೆ ಯಾಕೆ ಬೇಕಾಯಿತು? ತೋಟದ ಮನೆಯಲ್ಲಿ ಅದು ಕಂಡಿದ್ದು ತಾಯಿಯನ್ನು, ಒಡಹುಟ್ಟಿದ ಮರಿಗಳನ್ನು, ಒಡೆಯನನ್ನು. ನಾವು ತಂದಾಗ ಮೂರು ತಿಂಗಳು ದಾಟಿತ್ತು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಮೂವರು 1961ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಮರಿಗಳನ್ನು ಬೆಳೆಸಿದರು. ಬೇರೆ ಬೇರೆ ವಾರಗಳಲ್ಲಿ ಕೆಲವನ್ನು ಒಂದು ವಾರದ ಮಟ್ಟಿಗೆ ಜನರ ಬಳಿ ತಂದರು. ಐದು, ಏಳು ವಾರದವು ಬೇಗ ಹೊಂದಿಕೊಂಡವು. 14 ವಾರದ ತನಕ ಮನುಷ್ಯರನ್ನು ಕಾಣದ ಮರಿಗಳು ಕಾಡುಪ್ರಾಣಿಗಳ ಹಾಗೆ ಬೆದರಿದವು. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ತೆರೆದಿರುವ ಈ ಕಿಟಕಿಯಲ್ಲಿ ಮರಿ ಯಾರನ್ನು ನೋಡುತ್ತದೋ ಅವರು ಅದಕ್ಕೆ ನಮ್ಮವರು.

ಎಳೆ ಮರಿಗೆ ಗುಂಪು ಒಳ್ಳೆಯದು ಎನ್ನುವ ಮಾತು ಬಂದಿರುವುದು ಇಲ್ಲಿಂದಲೇ. ಅದು ಪಾಠಕ್ಕಲ್ಲ, ಪರಿಚಯಕ್ಕೆ. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2008ರಲ್ಲೇ ಹೇಳಿದ ಪ್ರಕಾರ ಮೊದಲ ಲಸಿಕೆ ಬಿದ್ದು ವಾರ ಕಳೆದ ಏಳೆಂಟು ವಾರದ ಮರಿಯನ್ನು ಮರಿಗಳ ಗುಂಪಿಗೆ ಒಯ್ಯಬಹುದು. ಆದರೆ ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬೀದಿ ನಾಯಿಗಳು ಓಡಾಡುವ ನಮ್ಮ ಬಯಲಿನಲ್ಲಿ ಎಳೆ ಮರಿ ಬಿಡಲು ನನಗಂತೂ ಧೈರ್ಯ ಸಾಲದು. ತೊಳೆದ ಅಂಗಳ, ಲಸಿಕೆ ಹಾಕಿಸಿದ ನಾಲ್ಕು ಮರಿ ಇದ್ದರೆ ಆಗಬಹುದು.

ಹಾಗಂತ ಒಂಟಿ ಪಾಠ ನಿರ್ದೋಷಿಯೇನಲ್ಲ. ಮನೆಗೆ ಬರುವವನು ತಾನೇ ನಾಯಿಯನ್ನು ಪಳಗಿಸಿ ಹೋದರೆ, ನಾಯಿ ಅವನ ಮಾತು ಕೇಳುತ್ತದೆ, ನಿಮ್ಮದಲ್ಲ. ಹಾಲ್‌ನಲ್ಲಿ ಕೂಡುವ ನಾಯಿ ರಸ್ತೆಯಲ್ಲಿ ಕೂಡದು. ನಾಯಿಯ ತಲೆಯಲ್ಲಿ "ಕೂಡು" ಎನ್ನುವುದು ಬರೀ ಶಬ್ದವಲ್ಲ, ಆ ನೆಲ, ಆ ಮನುಷ್ಯ, ಅವನ ಕೈಯ ವರಸೆ ಎಲ್ಲವೂ ಸೇರಿದ್ದು. ಜಾಗ ಬದಲಾದಾಗಲೆಲ್ಲ ಮೊದಲಿನಿಂದ ಕಲಿಸಬೇಕು, ಪ್ರತಿ ಸಲ ಸ್ವಲ್ಪ ಬೇಗ ಕಲಿಯುತ್ತದೆ ಅಷ್ಟೆ. ದಿನಾ ಬಂದು ಹದಿನೈದು ದಿನಕ್ಕೆ ಮುಗಿಸುತ್ತೇನೆ ಅನ್ನುವವರೂ ಇದ್ದಾರೆ. ಡೆನ್ಮಾರ್ಕಿನಲ್ಲಿ 18 ಬೀಗಲ್ ನಾಯಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆ ಒಂದು ಪಾಠ ಪಡೆದ ನಾಯಿಗಳು ವಾರಕ್ಕೆ ಐದು ಪಡೆದವುಗಳಿಗಿಂತ ಕಡಿಮೆ ಪಾಠಗಳಲ್ಲಿ ಅದೇ ಕೆಲಸ ಕಲಿತವು. ದಿನ ಹೆಚ್ಚು ಹಿಡಿಯಿತು, ಪಾಠ ಕಡಿಮೆ ಹಿಡಿಯಿತು. ಪಾಠಕ್ಕಿಷ್ಟು ಎಂದು ರೊಕ್ಕ ಎಣಿಸುವವನು ಇದನ್ನು ನೆನಪಿಡಬೇಕು.

ಫೀಸಿನ ಪಟ್ಟಿಯಲ್ಲಿ ಇರದ ಮೂರನೆಯ ದಾರಿಯೊಂದು ನಮ್ಮವರಿಗೆ ಗೊತ್ತಿದೆ. ಎಳೆ ಹೋರಿಯನ್ನು ಪಳಗಿದ ಎತ್ತಿನ ಜೋಡಿ ಹೂಡುತ್ತಾರೆ, ಕುರಿಗಾರರ ಮರಿ ದೊಡ್ಡ ನಾಯಿಯ ಹಿಂದೆ ಹಿಂದೆ ತಿರುಗಿ ಕಾವಲು ಕಲಿಯುತ್ತದೆ. 1997ರಲ್ಲಿ ದಕ್ಷಿಣ ಆಫ್ರಿಕಾದಿಂದ ಪ್ರಕಟವಾದ ಸ್ಲಾಬರ್ಟ್ ಮತ್ತು ರಾಸಾ ಅವರ ಅಧ್ಯಯನ ಇದಕ್ಕೆ ಸಾಕ್ಷಿ. ಮಾದಕ ವಸ್ತು ಹುಡುಕುವ ಜರ್ಮನ್ ಶೆಫರ್ಡ್ ತಾಯಿಯ ಕೆಲಸವನ್ನು ಆರರಿಂದ ಹನ್ನೆರಡು ವಾರದ ವಯಸ್ಸಿನಲ್ಲಿ ಬರೀ ನೋಡಿದ ಮರಿಗಳು, ನಡುವೆ ಯಾವ ಪಾಠವೂ ಇಲ್ಲದೆ, ಆರು ತಿಂಗಳಿಗೆ ಪರೀಕ್ಷಿಸಿದಾಗ ನೋಡದ ಮರಿಗಳಿಗಿಂತ ಎಷ್ಟೋ ಚೆನ್ನಾಗಿ ಮಾಡಿದವು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಒಂದು ಸಮಾಧಾನದ ಮುದಿ ನಾಯಿ ಇದ್ದೇ ಇರುತ್ತದೆ. ಅದರ ಜೊತೆ ದಿನಾ ಸಂಜೆ ಇಪ್ಪತ್ತು ನಿಮಿಷ ನಡೆದರೆ ಯಾರಿಗೂ ಫೀಸಿಲ್ಲ.

ಅಣ್ಣನ ಮಗ ಈಗ ಮಾಡಿದ್ದು ಇಷ್ಟು: ವಾರಕ್ಕೊಮ್ಮೆ ಮನೆಗೆ ಒಬ್ಬರು ಬರುತ್ತಾರೆ, ಸರಪಳಿ ಇಲ್ಲ. ಅವರು ಕಲಿಸುವುದು ನಾಯಿಗಲ್ಲ, ಇವನಿಗೆ. ಭಾನುವಾರ ಬೇರೊಂದು ಗ್ರೂಪ್ ಕ್ಲಾಸು ನಡೆಯುವ ಮೈದಾನಕ್ಕೆ ಹೋಗಿ, ಒಳಗೆ ಸೇರದೆ, ದೂರದ ಬೇವಿನ ಮರದಡಿ ನಿಂತು ನಾಯಿಯನ್ನು ಕೂರಿಸುತ್ತಾನೆ. ಜೇಬಿನಲ್ಲಿ ರೊಟ್ಟಿ. ಪ್ರತಿ ಭಾನುವಾರ ಸಂಜೆ ನನಗೆ ಬರುವ ಸಂದೇಶದಲ್ಲಿ ಒಂದು ಸಂಖ್ಯೆ ಮಾತ್ರ ಇರುತ್ತದೆ. 38. 33. 26. ಗಣಪತಿ ಹಬ್ಬದ ಪಟಾಕಿ ಹಾರಿದ ವಾರ ಮತ್ತೆ 40. ಹೋದ ಭಾನುವಾರ 19, ಅದರ ಕೆಳಗೆ, "ಕಾಕಾ, ರೊಟ್ಟಿ ತೀರ್ಯಾವ, ಯಾರರೆ ಬರೋರಿದ್ರ ಕಳಸ್ರಿ."