ಎದೆಗೆ ಬಡಿಯುವ ಆ ‘ಧೂಂ’ ಎಲ್ಲಿಂದ ಬಂತು?

ಹೆಡ್‌ಫೋನ್ ಹಾಕಿಕೊಳ್ಳಿ. ಇವತ್ತಿನ ಯಾವುದಾದರೂ ಹಿಪ್ ಹಾಪ್ ಹಾಡು ಹಾಕಿ. ತಳದಿಂದ ಎದ್ದು ಎದೆಗೆ ಬಡಿಯುತ್ತಲ್ಲ, ಆ ಉದ್ದನೆಯ ‘ಧೂಂ’… ಅದರ ಮೂಲ 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಒಂದು ಡ್ರಮ್ ಮಷೀನ್. ಹೆಸರು ಟಿಆರ್-808.

ಅದೇ ವರ್ಷ ಅಮೆರಿಕದಲ್ಲಿ ಲಿನ್ ಎಲ್‌ಎಂ-1 ಎಂಬ ಇನ್ನೊಂದು ಡ್ರಮ್ ಮಷೀನ್ ಬಂತು. ಅದರೊಳಗೆ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಇತ್ತು. ಬೆಲೆ ಸುಮಾರು 5,000 ಡಾಲರ್. 808ರಲ್ಲಿ ಯಾವ ರೆಕಾರ್ಡಿಂಗೂ ಇಲ್ಲ. ಪ್ರತಿ ಸದ್ದೂ ಸರ್ಕ್ಯೂಟಿನಲ್ಲೇ ಹುಟ್ಟಬೇಕು. ಅದರ ಕಿಕ್ ಡ್ರಮ್ಮಿನ ಸದ್ದು ಅಂದರೆ, ವಿದ್ಯುತ್ತಿನ ಒಂದು ಸಣ್ಣ ಹೊಡೆತಕ್ಕೆ ಕಂಪಿಸಿ, ದೇವಸ್ಥಾನದ ಗಂಟೆಯ ಹಾಗೆ ನಿಧಾನವಾಗಿ ಕರಗುವ ಅಲೆ. ‘ಡಿಕೇ’ ಗುಂಡಿ ತಿರುಗಿಸಿದರೆ ಅಲೆ ಇನ್ನೂ ಉದ್ದ. ಆಗ ಅದು ತಾಳವೂ ಹೌದು, ಬೇಸ್ ಸ್ವರವೂ ಹೌದು! ಹಿಪ್ ಹಾಪ್ ಗಟ್ಟಿಯಾಗಿ ಹಿಡಿದುಕೊಂಡದ್ದು ಇದನ್ನೇ.

ಆದರೆ ಶುರುವಿನಲ್ಲಿ, 808 ನಿಜವಾದ ಡ್ರಮ್ಮಿನ ಹಾಗೆ ಕೇಳಿಸಲ್ಲ ಅಂತ ಹಲವರು ದೂರಿದರು. 1983ಕ್ಕೆ ತಯಾರಿಕೆಯೇ ನಿಂತಿತು. ಆಗ ಸೆಕೆಂಡ್ ಹ್ಯಾಂಡ್ ಬೆಲೆ ಇಳಿದು, ಹೆಚ್ಚು ಕಾಸಿಲ್ಲದ ಹುಡುಗರ ಕೈಗೂ ಅದು ಸಿಕ್ಕಿತು. ಅಷ್ಟರಲ್ಲಾಗಲೇ ಆಫ್ರಿಕಾ ಬಂಬಾಟಾ ಅವರ ‘ಪ್ಲಾನೆಟ್ ರಾಕ್’, ಮಾರ್ವಿನ್ ಗೇ ಅವರ ‘ಸೆಕ್ಷುಅಲ್ ಹೀಲಿಂಗ್’ ಹಾಡುಗಳು ಬಂದಿದ್ದವು. ಎರಡೂ 1982ರವು, ಎರಡರಲ್ಲೂ 808.

ಅದೇ ವರ್ಷ ನಮ್ಮ ಮುಂಬೈಯಲ್ಲಿ ಸಂಗೀತಗಾರ ಚರಣ್‌ಜಿತ್ ಸಿಂಗ್ ಇದೇ ಯಂತ್ರದ ತಾಳಕ್ಕೆ ಭೈರವ್, ಯಮನ್ ರಾಗಗಳನ್ನು ನುಡಿಸಿದರು. ಎಂಥ ಧೈರ್ಯ! ಆ ಆಲ್ಬಂ ಅನ್ನು ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಅಂತ ಹುಡುಕಿ, ದಯವಿಟ್ಟು ಒಮ್ಮೆ ಪೂರ್ತಿ ಕೇಳಿ.