ಮಗ್ಗಿಗೆ ರಾಗ ಕೂಡಿಸಿದ ಜಾಝ್ ಗಾಯಕ

ಮಕ್ಕಳಿಗಾಗಿ ರಚಿತವಾದ ಸಂಗೀತವನ್ನು ಕಲಾವಿದನ ಗೌಣಕೃತಿಗಳ ಸಾಲಿಗೆ ಸೇರಿಸುವುದು ಚರಿತ್ರಕಾರರ ವಾಡಿಕೆ. ಬಾಬ್ ಡರೋ (1923–2018) ಎಂಬ ಅಮೆರಿಕದ ಜಾಝ್ ಗಾಯಕನ ಜೀವನವನ್ನು ಪರಿಶೀಲಿಸಿದರೆ ಈ ವಾಡಿಕೆ ಎಷ್ಟು ಸರಿಯೆಂಬ ಸಂದೇಹ ನಮಗೆ ಮೂಡುತ್ತದೆ.

ಆರ್ಕನ್ಸಾ ಸಂಸ್ಥಾನದಲ್ಲಿ ಜನಿಸಿದ ಡರೋ ಪಿಯಾನೋ ವಾದಕನೂ ಆಗಿದ್ದನು. 1956ರಲ್ಲಿ ಆತನ ‘ಡೆವಿಲ್ ಮೇ ಕೇರ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. 1962ರಲ್ಲಿ ಆತನು ಮೈಲ್ಸ್ ಡೇವಿಸನೊಡನೆ ಹಾಡಿದನು. ಆದರೂ ಆತನ ಕೀರ್ತಿ ಬಹುಮಟ್ಟಿಗೆ ಜಾಝ್ ರಸಿಕರ ವಲಯದಲ್ಲೇ ಉಳಿದಿತ್ತು.

1970ರ ದಶಕದ ಆರಂಭದಲ್ಲಿ ಜಾಹೀರಾತು ಸಂಸ್ಥೆಯೊಂದರ ಮುಖ್ಯಸ್ಥನಾದ ಡೇವಿಡ್ ಮೆಕಾಲ್, ಮಗ್ಗಿ ಬಾರದ ತನ್ನ ಮಗನಿಗೆ ರಾಕ್ ಹಾಡುಗಳೆಲ್ಲ ಕಂಠಪಾಠವಾಗಿರುವುದನ್ನು ಗಮನಿಸಿದನು. ಮಗ್ಗಿಯನ್ನೇ ಹಾಡಾಗಿಸುವ ಕೆಲಸ ಡರೋವಿನ ಪಾಲಿಗೆ ಬಂದಿತು. ಆತನು ರಚಿಸಿದ ಮೂರರ ಹಾಡು ಗುಣಾಕಾರದಿಂದ ತೊಡಗುವುದಿಲ್ಲ. ಮುಕ್ಕಾಲಿಯ ಕಾಲುಗಳು, ತ್ರಿಕೋನದ ಭುಜಗಳು, ತಂದೆ ತಾಯಿ ಮಗು ಎಂದು ಮೂರೆಂಬುದರ ಅರ್ಥವನ್ನು ಮೊದಲು ಮನಗಾಣಿಸಿ, ಅನಂತರ ಮಗ್ಗಿಗೆ ಬರುತ್ತದೆ. ಅರ್ಥವು ಮುಂದೆ, ಕಂಠಪಾಠವು ಹಿಂದೆ.

1973ರಿಂದ ಎಬಿಸಿ ಟೆಲಿವಿಷನ್ ಸಂಸ್ಥೆಯು ‘ಸ್ಕೂಲ್‌ಹೌಸ್ ರಾಕ್’ ಎಂಬ ಹೆಸರಿನಲ್ಲಿ ಇಂತಹ ಹಾಡುಗಳನ್ನು ಕಾರ್ಟೂನು ಚಿತ್ರಗಳೊಡನೆ ಪ್ರಸಾರಮಾಡಿತು. ವ್ಯಾಕರಣ, ಅಮೆರಿಕದ ಇತಿಹಾಸಗಳೂ ಹಾಡಾದವು. ಜಾಝ್ ರಸಿಕರಾಚೆಗೆ ಒಂದು ಇಡೀ ತಲೆಮಾರಿನ ಮಕ್ಕಳು ಡರೋವಿನ ಕಂಠವನ್ನು ಅರಿತದ್ದು ಹೀಗೆ.

ಕಲಾವಿದನು ಯಾವ ಸಭೆಯಲ್ಲಿ ಹಾಡಿದನೆಂದು ನಾವು ದಾಖಲಿಸುತ್ತೇವೆ. ಯಾರ ನೆನಪಿನಲ್ಲಿ ಉಳಿದನೆಂಬುದನ್ನೂ ಕೇಳುವುದು ಚರಿತ್ರೆಯ ಕರ್ತವ್ಯವೇ ಸರಿ.